ಭಾವನ ಕಾಲಿಗೆ ಕಣ್ಣಿತ್ತು

ಜೂನ್ 2, ಬೆಳಗ್ಗೆ

ಮತ್ತೆ ಕಾಗೆಗಳು. ಡ್ರೋನ್ ಮೇಲೇರಿದ್ದೇ ತಡ, ಬಂಧುಬಳಗ ಕಟ್ಟಿಕೊಂಡು ಬಂದವು. ಇಳಿಸಿದೆ. ಅರ್ಧ ಛಾವಣಿಯ ಫೋಟೋ ಬಾಕಿ. ಪಕ್ಕದ ಮನೆಯ ಗಂಡಸು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ. "ಏನ್ರೀ, ನಮ್ಮನೆ ಬಟ್ಟೆ ಒಣಗ್ತಿರೋದೆಲ್ಲ ಬೀಳುತ್ತಾ ಅದ್ರಲ್ಲಿ?"

"ನಿಮ್ಮ ಬನಿಯನ್ ಹರಿದಿರೋದು ಬಿತ್ತು" ಎಂದೆ. ಸುಮ್ಮನೆ ಒಳಗೆ ಹೋದ.

ಭಾವ ಏಣಿ ಹಿಡಿದು ನಗುತ್ತಿದ್ದರು. "ಹದ್ದಮ್ಮ, ಗಿರಾಕಿ ಓಡಿಸ್ಬೇಡ."

ಹದ್ದಮ್ಮ ಎಂದರೆ ನಾನು. ಸ್ಟೂಲ್ ಹತ್ತಿದರೂ ತಲೆ ತಿರುಗುವವಳು, ಊರಿನ ಛಾವಣಿಗಳನ್ನೆಲ್ಲ ಮೇಲಿಂದ ನೋಡುತ್ತೇನೆ. ಕೆಳಗಿಂದ ಕಾಣದ ಬಿರುಕು, ಜರುಗಿದ ಹೆಂಚು — ಹುಡುಕಿ ಗುರುತು ಹಾಕುವುದು ನನ್ನ ಕೆಲಸ. ಹತ್ತಿ ಸರಿ ಮಾಡುವುದು ಭಾವನ ಕೆಲಸ. ಆಮೇಲೆ ಅದೇ ದಾರಿಯಲ್ಲಿ ಇನ್ನೊಮ್ಮೆ ಹಾರಿಸಿ, ಗುರುತು ಹಾಕಿದ ಹೆಂಚುಗಳನ್ನು ದೊಡ್ಡದು ಮಾಡಿ ಮನೆಯವರಿಗೆ ತೋರಿಸುತ್ತೇನೆ. ಮೊದಲು ಹೀಗಿತ್ತು, ಈಗ ಹೀಗಿದೆ. ಈ ನಿಯಮ ನನ್ನದೇ. ಬಾಯಿಮಾತನ್ನು ನಂಬುವ ಜಾತಿ ನನ್ನದಲ್ಲ.

ಅವರು ಬರಿಗಾಲಲ್ಲೇ ಹತ್ತುವುದು. ಹೆಂಚಿನ ಕೆಳ ಅಂಚಿನ ಮೇಲೆ, ಅಡಿಯಲ್ಲಿ ಮರದ ರೀಪು ಇರುವ ಕಡೆಯೇ ಹೆಜ್ಜೆ ಇಡಬೇಕು. ನಡುವೆ ಇಟ್ಟರೆ ಹೆಂಚು ಹೋಯಿತು. ಭಾವ ಕೆಳಗೆ ನೋಡುವುದೇ ಇಲ್ಲ. "ನನ್ನ ಕಾಲಿಗೇ ಕಣ್ಣಿದೆ" ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಜೂನ್ 5, ಸಂಜೆ

ಮೂಲೆಮನೆ ಮೇಷ್ಟ್ರ ಫೋನು. ನಿವೃತ್ತರಾದರೂ ದನಿಯಲ್ಲಿ ಇನ್ನೂ ಬೆತ್ತ ಇದೆ. "ನೀವು ರಿಪೇರಿ ಮಾಡಿದ ಜಾಗ ಸರಿಯಾಗಿದೆಯಮ್ಮ. ಈಗ ಬೇರೆ ಕಡೆ ಸೋರ್ತಿದೆ. ಮೊದ್ಲು ಅಲ್ಲಿ ಸೋರ್ತಾನೇ ಇರ್ಲಿಲ್ಲ."

ಮಳೆ ನಿಂತ ಮೇಲೆ ಹೋಗಿ ಹಾರಿಸಿದೆ. ಹೊಸ ಬಿರುಕುಗಳು. ಕೂದಲೆಳೆಯಂಥವು, ಒಂದೆರಡಲ್ಲ. ಮರದ ಕೊಂಬೆ ಬಿದ್ದಿರಬಹುದು ಎಂದುಕೊಂಡೆ. ಸುತ್ತ ಮರವೇ ಇಲ್ಲ.

ಮನೆಗೆ ಬಂದು ಹಳೆಯ ಫೋಟೋ ತೆಗೆದೆ. ರಿಪೇರಿಗೆ ಮೊದಲಿನವುಗಳಲ್ಲಿ ಆ ಹೆಂಚುಗಳು ಚೆನ್ನಾಗಿವೆ. ರಿಪೇರಿ ಮುಗಿದ ದಿನದವುಗಳಲ್ಲಿ ಆಗಲೇ ಬಿರುಕು. ಅಂದು ನಾನು ನೋಡಿರಲಿಲ್ಲ. ಗುರುತು ಹಾಕಿದ್ದನ್ನಷ್ಟೇ ದೊಡ್ಡದು ಮಾಡಿ ನೋಡಿ ಬೆನ್ನು ತಟ್ಟಿಕೊಂಡಿದ್ದೆ. ಹದ್ದಿನ ಕಣ್ಣಂತೆ, ಮಣ್ಣು.

ಎರಡು ಹಾರಾಟದ ನಡುವೆ ಆ ಛಾವಣಿ ಹತ್ತಿದ್ದು ಒಬ್ಬರೇ.

ಜೂನ್ 6

ಹಳೆಯ ಕೆಲಸಗಳ ಫೋಟೋ ಎಲ್ಲ ತೆಗೆದು ನೋಡಿದೆ. ಕಳೆದ ವರ್ಷದವು ಸರಿ ಇವೆ. ಈ ವರ್ಷದ್ದು — ಹಳದಿ ಗೇಟಿನ ಮನೆ, ಅದೇ ಕಥೆ. ದರ್ಜಿಯ ಮನೆ, ಅದೇ.

ಒಂದು ಸರಿ ಮಾಡಿ, ನಾಲ್ಕು ಒಡೆದು ಬರುವುದು. ಮುಂದಿನ ಮಳೆಗೆ ಮತ್ತೆ ಕೆಲಸ. ಭಾವನಾ? ನನಗೆ ಸೈಕಲ್ ಕಲಿಸಿದ ಭಾವನಾ?

ಇಲ್ಲ. ನನ್ನ ತಲೆಯೇ ಸರಿ ಇಲ್ಲ. "ನಿನ್ನ ನೆರಳು ಹಿಂದೆ ಬಂದ್ರೂ ಯಾಕೆ ಬಂದೆ ಅಂತ ಕೇಳೋಳು ನೀನು" ಎಂದು ಅಕ್ಕ ಸುಮ್ಮನೆ ಹೇಳುವುದಿಲ್ಲ.

ಜೂನ್ 7, ಮಧ್ಯಾಹ್ನ

ನಾನಿರುವುದು ಅಕ್ಕನ ಮನೆಯ ಮಹಡಿಯಲ್ಲಿ. ಕಿಟಕಿಯಿಂದ ಅಂಗಳ, ಮೆಟ್ಟಿಲು, ಬಚ್ಚಲಿನ ಬಾಗಿಲು — ಎಲ್ಲ ಕಾಣುತ್ತದೆ. ಗಮನಿಸುತ್ತಿದ್ದೇನೆ.

ಭಾವ ಈಗೀಗ ಮನೆಯೊಳಗೂ ಸಾಕ್ಸ್ ಹಾಕುತ್ತಾರೆ. ಈ ಸೆಕೆಯಲ್ಲಿ! ಹುಟ್ಟಿದಾಗಿನಿಂದ ಚಪ್ಪಲಿಯನ್ನೇ ದ್ವೇಷಿಸಿದ ಮನುಷ್ಯ. ಒಳಗೆ ಏನಾದರೂ ಬಚ್ಚಿಟ್ಟಿದ್ದಾರಾ? ಅಕ್ಕನನ್ನು ಕೇಳಿದೆ. "ಚಳಿ ಅಂತಾರೆ. ವಯಸ್ಸಾಯ್ತಲ್ಲ" ಎಂದಳು. ಚಳಿಯಂತೆ. ನಾನು ಬೀಸಣಿಗೆ ಹಿಡಿದು ಕೂತಿದ್ದೇನೆ.

ಇವತ್ತು ಇನ್ನೊಂದು ತಮಾಷೆ. ಈಗೀಗ ಹೊರಗೆ ಚಪ್ಪಲಿಯೂ ಮೆಟ್ಟುತ್ತಾರೆ; ಮೆಟ್ಟಿಲಲ್ಲಿ ಒಂದು ಕಾಲಿನದು ಕಳಚಿ ಉಳಿಯಿತು. ಭಾವ ಹಾಗೇ ಬೀದಿಗೆ ನಡೆದುಬಿಟ್ಟರು. ಕೂಗಿದೆ. ತಿರುಗಿ ತಮ್ಮ ಕಾಲನ್ನೇ ನೋಡಿ ನಿಂತರು, ಯಾರದೋ ಕಾಲು ಎಂಬ ಹಾಗೆ. ಆಮೇಲೆ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮನಸ್ಸಿನಲ್ಲಿ ಲೆಕ್ಕಾಚಾರ ಇಟ್ಟುಕೊಂಡವರಿಗೆ ಕಾಲ ಮೇಲೆ ಗಮನ ಎಲ್ಲಿರುತ್ತದೆ.

ಜೂನ್ 9, ಸಂಜೆ

ಕೆಳಗೆ ಅಕ್ಕನ ಚೀರಾಟ. ಓಡಿದೆ. ಭಾವ ಕೆಲಸದಿಂದ ಬಂದ ಕೂಡಲೇ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದು ವಾಡಿಕೆ. ಅಕ್ಕ ಟವೆಲ್ ಅದ್ದಲು ಕೈ ಹಾಕಿದಳಂತೆ. ಬೆರಳು ಕೆಂಪಾಗಿದೆ.

"ಕುದಿಯೋ ನೀರಲ್ಲಿ ಕೂತಿದೀರಲ್ರೀ! ತಣ್ಣೀರು ಬೆರೆಸ್ಕೊಳೋಕೆ ಆಗ್ಲಿಲ್ವಾ?"

"ಬಿಸಿಲಿಗೆ ಕಾದ ಹೆಂಚಿನ ಮೇಲೆ ಓಡಾಡಿದ ಕಾಲು ಕಣೇ. ಇದೆಲ್ಲ ಯಾವ ಲೆಕ್ಕ" ಎಂದರು. ಕಾಲು ತೆಗೆದು ಬೇಗ ಬೇಗ ಸಾಕ್ಸ್ ಎಳೆದುಕೊಂಡರು. ಒರೆಸಲೂ ಇಲ್ಲ.

ಜಂಬಕ್ಕೂ ಒಂದು ಮಿತಿ ಬೇಡವೇ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನಾಡಿದ್ದು ಬೇಕರಿಯವರ ಮನೆ ಕೆಲಸ. ಅವರು ಮೇಲಿದ್ದಾಗಲೇ ಹಾರಿಸಬೇಕು.

ಜೂನ್ 11

ಹಾರಿಸಿದೆ. ಬೇಕರಿಯ ಹಿಂದಿನ ಖಾಲಿ ಸೈಟಿನಿಂದ, ತುಂಬ ಎತ್ತರಕ್ಕೆ. ಕೇಳಿದರೆ ಬ್ಯಾಟರಿ ಪರೀಕ್ಷೆ ಎನ್ನೋಣವೆಂದು ಸುಳ್ಳೂ ತಯಾರಿತ್ತು. ಸ್ವಂತ ಭಾವನನ್ನು ಕದ್ದು ನೋಡುವುದು! ಆದರೂ ರೆಕಾರ್ಡ್ ಒತ್ತಿದೆ.

ಸುತ್ತಿಗೆ ಎತ್ತಲಿಲ್ಲ. ಬೇರೇನೂ ಮಾಡಲಿಲ್ಲ. ನಡೆದರು, ಅಷ್ಟೇ. ಆದರೆ ನಡೆದದ್ದು ಹೆಂಚಿನ ನಟ್ಟನಡುವೆ. ಅಂಚು ಬಿಟ್ಟು, ರೀಪು ಬಿಟ್ಟು, ಬೇಕೆಂದೇ ಮಧ್ಯಕ್ಕೆ. ತಿರುಗಿ ಸಹ ನೋಡದೆ. ಈ ಕಲೆಯ ಅ ಆ ಇ ಈ ನನಗೆ ಹೇಳಿಕೊಟ್ಟವರೇ ಅವರು. ಗೊತ್ತಿಲ್ಲದೆ ಮಾಡಿದರು ಎಂದು ನಾನು ನಂಬಬೇಕೇ? ಹಿಮ್ಮಡಿಯಲ್ಲೇ ಕೆಲಸ ಮುಗಿಸುವ ಉಪಾಯ. ಸದ್ದಿಲ್ಲ, ಸಾಕ್ಷಿಯಿಲ್ಲ.

ಈಗ ಸಾಕ್ಷಿ ಇದೆ.

ಜೂನ್ 12

ಹೇಳಿಬಿಟ್ಟೆ. ಊಟದ ಮೇಜಿನಲ್ಲೇ, ಅಕ್ಕನ ಎದುರೇ. ಫೋನ್ ಮುಂದಿಟ್ಟು, "ಇದೇನು ಭಾವ?" ಎಂದೆ.

ಮುಖ ಬಿಳಿಚಿತು. "ನಾನು ಹೆಂಚು ಒಡೀತೀನಾ? ನಾನು?"

"ನೀವಲ್ದೆ ಇನ್ಯಾರು ಹತ್ತಿದ್ರು?"

"ನಿನ್ನ ಯಂತ್ರ ಹತ್ತುತ್ತಲ್ಲ! ಅದರ ಗಾಳಿಗೆ ಏನೇನು ಆಗುತ್ತೋ. ನಾನೂ ನೋಡ್ತಿದೀನಿ, ಅದು ಬಂದ ಮೇಲೇ ಇದೆಲ್ಲ ಶುರು. ನಾಳೆ ಇಂಥದೇ ಫೋಟೋ ತೋರ್ಸಿ ಭಾವ ಬೇಡ, ನಾನೊಬ್ಳೇ ಸಾಕು ಅಂತೀಯ."

ಓಹೋ. ನಾನು ಅವರನ್ನು ಕಾಯುತ್ತಿದ್ದಾಗ ಅವರೂ ನನ್ನನ್ನು ಕಾಯುತ್ತಿದ್ದರು. ಚೆನ್ನಾಗಿದೆ ನಮ್ಮ ಪಾಲುದಾರಿಕೆ.

ಅಕ್ಕ ಒಂದೇ ಮಾತು ಕೇಳಿದಳು. "ಒಡೆದ್ರಾ, ಇಲ್ವಾ?"

"ನನ್ನ ಕಾಲಿಗೆ ಕಣ್ಣಿದೆ ಅನ್ನೋದು ನಿನಗೆ ಗೊತ್ತಿಲ್ವಾ" ಎಂದರು. ಆದರೆ ಹೇಳುವಾಗ ಅವಳ ಮುಖ ನೋಡಲಿಲ್ಲ. ಅದನ್ನು ಅವಳೂ ಗಮನಿಸಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜೂನ್ 17

ಬರೆಯಲು ಮನಸ್ಸೇ ಬಂದಿರಲಿಲ್ಲ. ಕೆಳಗಿನ ಮನೆಯಲ್ಲಿ ಮಾತಿಲ್ಲ. ಅಕ್ಕ ಅಡುಗೆ ಮಾಡಿಡುತ್ತಾಳೆ, ಬಡಿಸುವುದಿಲ್ಲ. ಸಂಜೆಯ ಬಿಸಿನೀರೂ ಇಲ್ಲ. ನನ್ನ ಜೊತೆಗೂ ಬಿಗುಮಾನ. ನಿಜ ಹೇಳಿದವಳು ನಾನು, ಊರ ಹೊರಗೆ ನಿಂತವಳೂ ನಾನೇ.

ಮೆಟ್ಟಿಲ ಮೇಲೆ ಕಂದು ಬಣ್ಣದ ಕಲೆ, ಒಂದರ ಕೆಳಗೊಂದು. ಬೈಂಡಿಂಗ್ ವೈರಿನ ತುಕ್ಕೋ, ಹೆಂಚಿನ ಬಣ್ಣವೋ. ಒರೆಸುವವರು ಯಾರು. ನಾನಂತೂ ಒರೆಸಲಿಲ್ಲ.

ಜೂನ್ 18, ಬೆಳಗ್ಗೆ

ಭಾವ ಏಣಿ ಹೊತ್ತು ಹೋದರು. ಮೇಷ್ಟ್ರ ಮನೆಗಂತೆ. ಅಕ್ಕನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು, "ಎಲ್ಲಾ ಹೆಂಚೂ ನಾನೇ ಬದಲಾಯಿಸ್ತೀನಿ. ಯಾವ ಯಂತ್ರನೂ ಬೇಡ. ಆಮೇಲೆ ಒಡೀಲಿ, ನೋಡೋಣ."

ನನಗೂ ರೋಷ. ಡ್ರೋನಿನ ಗಾಳಿಯಂತೆ! ಗಾಳಿಗೆ ಒಡೆದಿದ್ದರೆ ಬಿರುಕು ಎಲ್ಲೆಂದರಲ್ಲಿ ಇರಬೇಕಲ್ಲ. ತೋರಿಸುತ್ತೇನೆ ಎಂದು ರಿಪೇರಿ ಮುಗಿದ ದಿನದ ಮೇಷ್ಟ್ರ ಛಾವಣಿಯ ಫೋಟೋ ಪೂರ್ತಿ ಹರಡಿ, ಒಡೆದ ಹೆಂಚುಗಳಿಗೆ ಮಾತ್ರ ಕೆಂಪು ಚುಕ್ಕೆ ಹಾಕುತ್ತಾ ಹೋದೆ.

ಏಣಿಯ ತುದಿಯಿಂದ ಶುರು. ಎಡ, ಬಲ, ಎಡ, ಬಲ. ಛಾವಣಿಯ ನೆತ್ತಿಯವರೆಗೆ. ಅಲ್ಲಿಂದ ವಾಪಸ್.

ಹೆಜ್ಜೆಗಳು. ಎಲ್ಲಾ ಹೆಜ್ಜೆಗಳೂ. ಮೋಸ ಮಾಡುವವನು ಬೇಕಾದ ಕಡೆ ನಾಲ್ಕು ಒಡೆಯುತ್ತಾನೆ. ಹತ್ತುವ ದಾರಿ, ಇಳಿಯುವ ದಾರಿ ಎಲ್ಲವನ್ನೂ ಒಡೆದುಕೊಂಡು, ತಾನೇ ಬೀಳುವ ಹಾಗೆ ಯಾರು ನಡೆಯುತ್ತಾರೆ?

ಬಲಗಾಲಿನ ಹೆಂಚುಗಳ ಮೇಲೆ ಏನೋ ಕಪ್ಪು. ದೊಡ್ಡದು ಮಾಡಿದೆ. ಕಪ್ಪಲ್ಲ. ಕಂದು. ಮೆಟ್ಟಿಲ ಮೇಲಿನದೇ ಬಣ್ಣ.

ರಕ್ತ.

ಕುದಿಯುವ ನೀರು. ಕಳಚಿದ್ದೇ ತಿಳಿಯದ ಚಪ್ಪಲಿ. ಸಾಕ್ಸ್. ದೇವರೇ, ಅವರ ಕಾಲಿಗೆ ಸ್ಪರ್ಶವೇ

ಜೂನ್ 18, ಸಂಜೆ

ಈಗಷ್ಟೇ ಮನೆಗೆ ಬಂದೆವು. ಬರೆಯುತ್ತೇನೆ.

ಡ್ರೋನ್ ಪೆಟ್ಟಿಗೆ ಹಿಡಿದು ಓಡಿದೆ. ಜಿಟಿಜಿಟಿ ಮಳೆ ಬಂದು ನಿಂತಿತ್ತು. ಭಾವ ನೆತ್ತಿಯ ಹತ್ತಿರ, ಒದ್ದೆ ಹೆಂಚಿನ ಮೇಲೆ. ಮೇಷ್ಟ್ರು ಕೆಳಗೆ ಕೊಡೆ ಹಿಡಿದು ನಿಂತಿದ್ದರು, ಬಿದ್ದರೆ ಕೊಡೆಯಲ್ಲಿ ಹಿಡಿಯುವ ಹಾಗೆ.

"ಭಾವ, ಇಳೀರಿ!"

"ಹೋಗೇ."

ಹಾರಿಸಿದೆ. ಅವರ ಕಾಲಿನ ಹಿಂದಕ್ಕೆ, ಗಾಳಿ ತಾಕದಷ್ಟು ದೂರದಲ್ಲಿ ನಿಲ್ಲಿಸಿದೆ. "ಆ ನೊಣ ತೆಗಿ ಇಲ್ಲಿಂದ!" ಎಂದು ಕೈ ಬೀಸಿದರು. ಜಾರಿದರು. ಒಂದು ಹೆಂಚು ಕೆಳಗೆ ಬಂದು ಚೂರಾಯಿತು. ಅವರು ಛಾವಣಿಯ ನೆತ್ತಿಯ ಹೆಂಚು ಹಿಡಿದು ಉಳಿದುಕೊಂಡರು.

"ಭಾವ, ನಿಮ್ಮ ಬಲಗಾಲು ನೋಡ್ಕೊಳಿ. ರಕ್ತ ಸುರೀತಿದೆ. ನೋವಾಗ್ತಿದೆಯಾ?"

ನೋಡಿದರು. ಹೆಂಚಿನ ಚೂರು ಅಂಗಾಲಿಗೇ ನೆಟ್ಟಿತ್ತು. ಪರದೆಯಲ್ಲಿ ನನಗೇ ಕಾಣುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ಹೇಗೆ ಇಳೀಲೇ ನಾನು" ಎಂದರು.

"ನಾನು ಹೇಳ್ತೀನಿ. ಎಡಗಾಲು ಕೆಳಗೆ ಬಿಡಿ. ಇನ್ನೂ ಒಂದು ಗೇಣು. ಬೇಡ, ಅದು ನಡು. ಸ್ವಲ್ಪ ಕೆಳಗೆ... ಹಾಂ, ಈಗ ರೀಪಿನ ಮೇಲಿದೆ. ಭಾರ ಹಾಕಿ."

ಹೀಗೇ. ಒಂದೊಂದೇ ಹೆಜ್ಜೆ. ಬ್ಯಾಟರಿ ಬೀಪ್ ಬೀಪ್ ಎನ್ನತೊಡಗಿತು. ಕಾಗೆಯೂ ಒಂದು ಬಂತು. ಅದಕ್ಕೆ ಕೊಟ್ಟ ಬೈಗುಳ ಮೇಷ್ಟ್ರು ಈ ಜನ್ಮದಲ್ಲಿ ಮರೆಯುವುದಿಲ್ಲ. ಏಣಿ ತಲುಪಿದಾಗ ಡ್ರೋನ್ ಇಳಿಸಿ, ಯಾವ ಧೈರ್ಯವೋ, ನಾನೇ ಏಣಿ ಹತ್ತಿದೆ. ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಗೆ ಇಟ್ಟೆ.

"ಬೇಗ ಹಿಡ್ಕೊಳೇ" ಎಂದರು ಭಾವ. ಹಿಡಿದಾಗಿತ್ತು.

ಡಾಕ್ಟರ್ ಶುಗರ್ ಎಂದು ಹೇಳಿ ವರ್ಷ ಆಯಿತಂತೆ. ಪಾದ ಜೋಮು ಹಿಡಿದು ಹಾಗೇ ಉಳಿದುಬಿಟ್ಟಿದೆ. ಎತ್ತರದ ಕೆಲಸ ಬಿಡಿ ಎಂದರಂತೆ. ಯಾರಿಗೂ ಹೇಳಿಲ್ಲ. ಆದರೆ ಹೆಂಚು ಒಡೆಯುತ್ತಿರುವುದು ತಾನೇ ಎಂಬುದು ನಿಜವಾಗಿ ಗೊತ್ತಿರಲಿಲ್ಲ. ಮೇಷ್ಟ್ರ ಜಗುಲಿಯಲ್ಲಿ ಕೂತು ಕೆಂಪು ಚುಕ್ಕೆಗಳ ಫೋಟೋ ತೋರಿಸಿದೆ. ಬೆರಳಿನಿಂದ ಚುಕ್ಕೆ ಚುಕ್ಕೆ ಮುಟ್ಟುತ್ತಾ ಹೋದರು.

"ಇದು ನನ್ನ ನಡಿಗೇನೇ" ಎಂದರು. "ನನಗೆ ಗೊತ್ತಾಗಲ್ವಾ."

ಅಳು ಬಂತು. ನನಗೆ. ಅವರು ಅಳಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಬರುವಾಗ ದಾರಿಯಲ್ಲಿ ನಿಂತರು. "ನಿಮ್ಮಕ್ಕಂಗೆ ಹೇಳ್ಬೇಡ."

"ಹೇಳ್ದೆ? ಅವಳು ನಿಮ್ಮನ್ನ ಮೋಸಗಾರ ಅನ್ಕೊಂಡಿದಾಳೆ ಭಾವ."

"ಅನ್ಕೊಳ್ಲಿ. ಮೋಸಗಾರನ ಮೇಲೆ ಸಿಟ್ಟು ಮಾಡ್ಕೋತಾಳೆ, ಇಳಿಯುತ್ತೆ. ಇದು ಗೊತ್ತಾದ್ರೆ ನನ್ನ ಏಣಿನೇ ಸುಟ್ಟುಹಾಕ್ತಾಳೆ. ಆಮೇಲೆ ನಾನು ಯಾರು, ಹೇಳು?"

ಮಾತು ಕೊಟ್ಟೆ. ಯಾಕೆ ಕೊಟ್ಟೆನೋ. ಮೋಸಗಾರ ಎಂದವಳು ನಾನೇ ಅಲ್ಲವೇ, ಆ ಸಾಲ ತೀರಿಸಲು ಇರಬೇಕು. ಕಾಲಿಗೆ ಮೊಳೆ ಚುಚ್ಚಿತು ಎಂದು ಅಕ್ಕನಿಗೆ ಹೇಳಿದೆವು. ಅವಳು ತಲೆ ಎತ್ತಿ ನೋಡಲಿಲ್ಲ.

ಜೂನ್ 26, ಸಂಜೆ

ಹೊಲಿಗೆ ಬಿಚ್ಚಿದರು. ಭಾವ ಎಣ್ಣೆಬಟ್ಟೆಯಲ್ಲಿ ಏಣಿ ಒರೆಸುತ್ತಿದ್ದಾರೆ. ಸೋಮವಾರ ಒಂದು ಮನೆ ಇದೆಯಂತೆ. "ನೀನು ಹಿಂದಿನಿಂದ ಹೇಳ್ತಾ ಇರು, ನಾನು ನಡೀತೀನಿ" ಎನ್ನುತ್ತಾರೆ. ಬ್ಯಾಟರಿ ಮುಗಿದರೆ ಎಂದೆ. ನಕ್ಕರು.

ಆಗಲ್ಲ ಭಾವ ಎನ್ನಬೇಕು. ಇನ್ನೂ ಎಂದಿಲ್ಲ.

ಕೆಳಗೆ ಏನೋ ಬದಲಾಗಿದೆ. ಅಕ್ಕ ಹಾಡು ಗುನುಗುತ್ತಿದ್ದಾಳೆ. ಕಿಟಕಿಯಿಂದ ನೋಡಿದೆ. ಕಣ್ಣಿಗೆ ಬಿದ್ದಳು, ನಾಚಿಕೊಂಡಂತೆ ನಕ್ಕಳು. "ಎಷ್ಟು ದಿನ ಅಂತ ಮುಖ ಗಂಟು ಹಾಕ್ಕೊಂಡಿರ್ಲಿ. ತಪ್ಪು ಮಾಡಿದಾರೆ, ಆಯ್ತು. ಕಾಲು ಬೇರೆ ನೋವು ಪಾಪ" ಎಂದಳು.

ನೋವು. ಪಾಪ.

ಅಷ್ಟು ದಿನದ ಮೇಲೆ ಒಲೆಯ ಮೇಲೆ ನೀರು ಇಟ್ಟಿದ್ದಾಳೆ. ರಾಜಿಯ ನೀರು. ಇಲ್ಲಿಯವರೆಗೂ ಹಬೆ ಬರುತ್ತಿದೆ. ಬಕೆಟ್ಟಿಗೆ ಸುರಿದ ಸದ್ದು. ತಣ್ಣೀರಿನ ನಲ್ಲಿ ತಿರುಗಿಸಿದ ಸದ್ದು ಕೇಳಲೇ ಇಲ್ಲ. ಅವರೇ ಬೆರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದಾಳೆ. ಅವರು ಅವಳ ಎದುರು ಕೈ ಹಾಕಿ ನೋಡುವವರಲ್ಲ, ಸತ್ತರೂ ಇಲ್ಲ.

"ಬನ್ರೀ, ಆರೋಗತ್ತೆ" ಎಂದು ಕರೆದಳು. ಕುರ್ಚಿ ಎಳೆದ ಸದ್ದು. ಸಾಕ್ಸ್ ಬಿಚ್ಚುತ್ತಿದ್ದಾರೆ. ಭಾವ ಮೇಲಕ್ಕೆ, ನನ್ನ ಕಿಟಕಿಗೆ ನೋಡಿದರು. ಹೇಳಬೇಡ ಎಂಬಂತೆ.

ಇಲ್ಲ ಭಾವ. ಕ್ಷಮಿಸಿ. ಅಕ್ಕಾ