ಜಾತಕದ ಹಿಂದೆ ಬರೆದ ಅಂಕಿಗಳು

ಬುಧವಾರ, ಜೂನ್ 11, ಶ್ರೀನಿವಾಸಪುರ

ಕಂಪ್ಯೂಟರ್ ತೆರೆಯುತ್ತಿಲ್ಲ. ಗಂಡು ಹುಡುಕಿಕೊಡಿ ಅಂತ ನನ್ನನ್ನು ನಂಬಿ ಕೊಟ್ಟ ಇನ್ನೂರು ಹೆಣ್ಣುಮಕ್ಕಳ ಫೋಟೋ, ವಿಳಾಸ ಎಲ್ಲ ಅದರೊಳಗಿದೆ. ಕಳ್ಳರು ಹೊತ್ತುಕೊಂಡು ಹೋದರೂ ಯಾರ ಕಣ್ಣಿಗೂ ಬೀಳಬಾರದು ಅಂತ ನಾನೇ ಹಟ ಹಿಡಿದು ಹಾರ್ಡ್‌ಡಿಸ್ಕಿಗೆ ಬೀಗ ಹಾಕಿಸಿದ್ದೆ.

"ಹಳೇ ಮಿಷನ್ನು ಅಕ್ಕಾ, ಕೀ ಇಟ್ಕೊಳ್ಳೋ ಚಿಪ್ಪೇ ಇದರಲ್ಲಿಲ್ಲ. ಈ ಪೆನ್‌ಡ್ರೈವೇ ಕೀ. ಇದು ಕೆಟ್ಟರೆ ಈ ನಲವತ್ತೆಂಟು ಅಂಕಿ ಬೇಕು, ಜೋಪಾನ" ಅಂದಿದ್ದ ರಿಪೇರಿ ಅಂಗಡಿಯ ಜೀಶಾನ್. ಮೇಜಿನ ಮೇಲಿದ್ದ ಕಾಗದದ ಹಿಂದೆ ಬರೆದುಕೊಂಡೆ.

ಇವತ್ತು ಪೆನ್‌ಡ್ರೈವ್ ಕೆಟ್ಟಿತು. ಆ ಕಾಗದ ರಮಾದೇವಿಯ ಮಗಳ ಜಾತಕ. ನಿನ್ನೆ ತಾನೇ ಗೌನಿಪಲ್ಲಿಯ ಗಂಡಿನ ಮನೆಗೆ ಕೊಟ್ಟು ಬಂದಿದ್ದೇನೆ. ಪಾಪ, ಆ ಹುಡುಗಿಗೆ ಇದು ಏಳನೇ ಸಂಬಂಧ.

ಫೋನ್ ಮಾಡಿದೆ. ಗಂಡಿನ ತಾಯಿ, "ದೇವರ ಮುಂದೆ ಇಟ್ಟಿದೀವಮ್ಮಾ, ಮೂರು ದಿನ ಮುಟ್ಟಂಗಿಲ್ಲ. ಏನಾದ್ರೂ ಅಪಶಕುನ ಆದ್ರೆ ಮಾತ್ರ ತಕ್ಷಣ ವಾಪಸ್ ಕಳಿಸ್ತೀವಿ" ಅಂದರು. ನಾಳೆ ಹತ್ತು ಗಂಟೆಗೆ ಮಾಲೂರಿನವರು ಫೋಟೋ ನೋಡೋಕೆ ಬರ್ತಾರೆ. ಏನು ತೋರಿಸಲಿ?

ಹದಿನೆಂಟು ವರ್ಷದಿಂದ ಜಾತಕ ಕೊಟ್ಟು ಬಂದಾಗಲೆಲ್ಲ ಕೂಡಿಬರಲಿ ಅಂತಲೇ ಕೈ ಮುಗಿದವಳು ನಾನು. ಇವತ್ತು ದೀಪದ ಮುಂದೆ ನಿಂತರೆ ಬಾಯಿಗೆ ಬಂದದ್ದು, ಅವರ ದೇವರ ಮನೆಯಲ್ಲಿ ಒಂದು ಹಲ್ಲಿಯಾದರೂ ಬೀಳಲಿ.