ಲಂಗರು ಬಿಡುವ ಮುನ್ನ

ಅಪ್ಪಾ,

ಇವತ್ತು ಗ್ರಂಥಾಲಯದಲ್ಲಿ ಜಗಳವಾಡಿದೆ. ಮಕ್ಕಳಿಗೆ ಮತ್ಸ್ಯಕನ್ಯೆಯರ ಹೊಸ ಪುಸ್ತಕ ಓದುತ್ತಿದ್ದ ಮೇಡಂ, ನಾವಿಕರು ಸದ್ದಿಲ್ಲದೆ ಲಂಗರು ಇಳಿಬಿಟ್ಟರು ಎಂದರು. ನನಗೆ ತಡೆಯಲಾಗಲಿಲ್ಲ.

“ನೀರಿನ ಕೆಳಗೆ ಜನ ಇರ್ತಾರೆ ಮೇಡಂ. ಕೂಗಿ ಹೇಳದೆ ಯಾರಾದ್ರೂ ಲಂಗರು ಬಿಡ್ತಾರಾ?”

“ಅಜ್ಜಿ, ಇದು ಬರೀ ಕಥೆ.”

“ಕಥೆ ಅಂತ ಅವರ ತಲೆ ಒಡೀಬಹುದಾ?”

ಮಕ್ಕಳು ನಕ್ಕರು. ನಿಮ್ಮ ಹಡಗು ಮುಳುಗಿದ ಮೇಲೆ ಅಮ್ಮ ಮನೆಯಲ್ಲಿ ಯಾರಿಗೂ ಆಡಗೊಡದ ಆ ಮಾತನ್ನು, ನೀವು ಹಡಗಿನ ಅಂಚಿಗೆ ಬಾಗಿ ನೀರಿನತ್ತ ಕೂಗುತ್ತಿದ್ದ ಹಾಗೆಯೇ ಕೂಗಿದೆ: “ಸರ್ಕೊಳ್ರಮ್ಮಾ, ಮಕ್ಕಳನ್ನ ಎತ್ಕೊಳ್ಳಿ, ಲಂಗರು ಬರ್ತಿದೆ.”

ಕಿಟಕಿಯ ಬಿಸಿಲು ನೆಲದ ಮೇಲೆ ನೀರಿನಂತೆ ತೂಗಾಡುತ್ತಿತ್ತು. ಚಾಪೆಯ ಮೇಲಿದ್ದ ಮಕ್ಕಳೆಲ್ಲ ಮೆಲ್ಲನೆ ಹಿಂದೆ ಸರಿದರು. ನಡುವೆ ಒಬ್ಬರು ಇಳಿಯುವಷ್ಟು ಜಾಗವಾಯಿತು.

ಪುಟ್ಟಿಯೊಬ್ಬಳು ಮೇಲೆ ನೋಡುತ್ತಾ, “ಜಾಗ ಆಯ್ತು, ಈಗ ಬರ್ಲಿ,” ಎಂದಳು.