ಎಷ್ಟು ಹುಲ್ಲಿಗೆ ಎಷ್ಟು ಹಿಂಡಿ

ಮಾಲೂರು ಸೀಮೆ
ಎರಡನೆಯ ಅಧಿಕ ಕಾರ್ತಿಕದ ಮೂವತ್ತಮೂರನೆಯ ದಿನ, ೨೨೩೧

ಪಿಳ್ಳಮ್ಮಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲವೇಣಿ ಮಾಡುವ ನಮಸ್ಕಾರ.

ನನ್ನ ಮಾತು, ತಿಂಗಳ ಲೆಕ್ಕ ವಿಚಿತ್ರವಾಗಿ ಕಂಡರೆ ಬೈಯಬೇಡಿ, ಇನ್ನೂರು ವರ್ಷದಲ್ಲಿ ನಾಲಿಗೆಯೂ ಪಂಚಾಂಗವೂ ಎಲ್ಲೆಲ್ಲೋ ಹೊರಳಿವೆ. ನಮ್ಮ ಕೊಟ್ಟಿಗೆಗಳಲ್ಲಿ ಹುಲ್ಲಿಲ್ಲ. ಹಸುಗಳು ತಿನ್ನುವುದು 'ತಿರುಳು', ಅಂದರೆ ನಿಮ್ಮ ಹಿಂಡಿ, ಬೂಸಾ, ಜೋಳದ ನುಚ್ಚನ್ನೆಲ್ಲ ಒಟ್ಟಿಗೆ ಒತ್ತಿದ ಗುಂಡು. ಹಾಲು ಹೆಚ್ಚಲಿ ಎಂದು ನಿಮ್ಮ ಮೊಮ್ಮಕ್ಕಳ ಕಾಲದಿಂದ ಹುಲ್ಲು ಕಡಿಮೆಯಾಗುತ್ತ, ತಿರುಳು ಹೆಚ್ಚುತ್ತ ಬಂತು. ಈಗ ಹಸುಗಳಿಗೆ ಮೆಲುಕು ಹಾಕುವುದೇ ಮರೆತುಹೋಗಿದೆ. ಬೆಳಿಗ್ಗೆ ಎದ್ದವಳೇ ಒಂದೊಂದರ ದವಡೆಗೂ 'ಮೆಲುಕುಪಟ್ಟಿ' ಕಟ್ಟುತ್ತೇನೆ. ಅದು ದವಡೆಯನ್ನು ತಾನೇ ಆಡಿಸುತ್ತದೆ, ಜೊಲ್ಲು ಇಳಿಯುತ್ತದೆ, ಹೊಟ್ಟೆಯ ಹುಳಿ ಅಷ್ಟಿಷ್ಟು ತಗ್ಗುತ್ತದೆ. ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತ ನಿಂತ ಹಸುವನ್ನು ನೋಡಲಾಗದು ಅಜ್ಜಿ. ಇಷ್ಟು ಮಾಡಿದರೂ ಗೊರಸು ನೋವಿಗೆ ಕುಂಟುತ್ತವೆ, ಎರಡು ಕರು ಹಾಕುವಷ್ಟರಲ್ಲಿ ಮುಗಿದೇಹೋಗುತ್ತವೆ.

ಹೋದ ವರ್ಷ ಊರವರೆಲ್ಲ ಸೇರಿ ಬರೀ ಹುಲ್ಲಿಗೋಸ್ಕರ ರಾಗಿ ಬೆಳೆದೆವು. ನಗಬೇಡಿ. ಮೊದಲ ಹೊರೆ ಬಂದದ್ದು ಆಗಷ್ಟೇ ಕರು ಹಾಕಿದ್ದ ನನ್ನ ಕೇದಿಗೆಗೆ. ಮೂಸಿದಳು, ಅಗಿದಳು, ಕೆಲವು ದಿನಗಳಲ್ಲಿ ಪಟ್ಟಿಯಿಲ್ಲದೆಯೇ ಅವಳ ದವಡೆ ಆಡಿತು. ಅಯ್ಯೋ, ನಾವೆಲ್ಲ ಅತ್ತುಬಿಟ್ಟೆವು! ಪಕ್ಕದ ಮನೆಯ ಮುನಿವೆಂಕಟಣ್ಣ, "ಹುಲ್ಲೇ ಸಿಕ್ತಲ್ಲಮ್ಮ, ಇನ್ಯಾಕೆ ಆ ಹಾಳು ತಿರುಳಿನ ಸಹವಾಸ?" ಎಂದು ಮೂಟೆಗಳನ್ನೆಲ್ಲ ಹೊರಗೆಸೆದ. ಯಾರೂ ಬೇಡವೆನ್ನಲಿಲ್ಲ. ಹಾಲು ಕರೆಯುವ ಹಸುವಿಗೆ ಬರೀ ಒಣಹುಲ್ಲು ಸಾಲದೆಂದು ಹೇಳುವವರಾದರೂ ಯಾರಿದ್ದರು? ಕೇದಿಗೆ ಹಾಲೇನೋ ಕೊಡುತ್ತಲೇ ಇದ್ದಳು, ತನ್ನ ಮೈಯನ್ನೇ ಕರಗಿಸಿ. ಪಕ್ಕೆಲುಬು ಎದ್ದವು. ಒಂದು ಬೆಳಿಗ್ಗೆ ಮಲಗಿದವಳು ಮತ್ತೆ ಏಳಲಿಲ್ಲ.

ತಿರುಳು ಸುರಿದು ಕೆಡಿಸಿದರೆಂದು ನಿಮ್ಮ ಮೊಮ್ಮಕ್ಕಳ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಈಗ ಯಾವ ಬಾಯಲ್ಲಿ ಬೈಯಲಿ? ಅವರು ಆ ಕಡೆ ವಾಲಿದರು, ನಾವು ಈ ಕಡೆ.

ಕೇದಿಗೆಯ ಹಿರಿಯ ಮಗಳಿದ್ದಾಳೆ, ಹೆಸರು ಸುಗ್ಗಿ, ಬರುವ ತಿಂಗಳು ಕರು ಹಾಕುತ್ತಾಳೆ. ಹುಲ್ಲೂ ಇದೆ, ತಿರುಳೂ ಇದೆ, ನನ್ನ ಕೈ ಮಾತ್ರ ಓಡುತ್ತಿಲ್ಲ. ಎಷ್ಟು ತೆಕ್ಕೆ ಹುಲ್ಲು, ಎಷ್ಟು ಬೊಗಸೆ ಹಿಂಡಿ, ಯಾವುದು ಮೊದಲು ಎಂಬುದು ನಿಮ್ಮ ಕೈಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬರೆದಿಡಲಿಲ್ಲ.

ನಿಮ್ಮ ಕೊಟ್ಟಿಗೆಯ ಕಲ್ಲುಕಂಬ ಇನ್ನೂ ಇಲ್ಲೇ ನಿಂತಿದೆ. ಆ ಲೆಕ್ಕವನ್ನು ಅದರ ಮೇಲೆ ಕೆತ್ತಿಸಿಬಿಡಿ ಅಜ್ಜಿ, ಎರಡು ಸಾಲು ಸಾಕು, ನನ್ನ ಕಾಲಕ್ಕೂ ಉಳಿದಿರುತ್ತದೆ. ದಿನಾ ಬೆಳಿಗ್ಗೆ ಹೋಗಿ ಕೈಯಾಡಿಸಿ ನೋಡುತ್ತೇನೆ. ಇವತ್ತೂ ನುಣ್ಣಗಿತ್ತು.